ಉಬುಂಟು 24.04 ಬೀಟಾವನ್ನು ವಿಂಡೋಸ್ 11ರ ಪಕ್ಕದಲ್ಲಿ ಹಾಕಬೇಕು: ಅಂಗಡಿಗೆ ಇರುವುದು ಒಂದೇ ಲ್ಯಾಪ್‌ಟಾಪ್

ಅಚ್ಚುಮೊಳೆ · ಏಪ್ರಿಲ್ 12, 2024, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಈಗ ಚುನಾವಣೆಯ ಕರಪತ್ರ. ನಮ್ಮಲ್ಲಿ ಮತದಾನ ಮೇ 7ಕ್ಕೆ. ಅಲ್ಲಿಯವರೆಗೆ ಕೆಲಸಕ್ಕೆ ಬಿಡುವಿಲ್ಲ.

ಎಲ್ಲವೂ ವಿಂಡೋಸ್ 11ರಲ್ಲಿ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್ ಮೇಲೆ ನಡೆಯುತ್ತಿದೆ. ಯೂನಿಕೋಡ್‌ಗೆ ಬದಲಾಗಬೇಕೆಂದು ಎರಡು ವರ್ಷಗಳಿಂದ ಹೇಳಿಕೊಳ್ಳುತ್ತಲೇ ಇದ್ದೇನೆ. ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್ ವ್ಯವಸ್ಥೆ ಉಬುಂಟು; ಅದರ 24.04ರ ಬೀಟಾ, ಎಂದರೆ ಬಿಡುಗಡೆಪೂರ್ವ ಪ್ರತಿ, ನಿನ್ನೆ ಹೊರಬಂದಿದೆ. ಐದು ವರ್ಷ ಬೆಂಬಲ ಸಿಗುವ ಆವೃತ್ತಿ, ಪೂರ್ಣ ಬಿಡುಗಡೆ 25ಕ್ಕೆ. ಅದಕ್ಕೂ ಮೊದಲೇ ಕನ್ನಡ ಟೈಪಿಂಗ್, ಮುದ್ರಣ ಎರಡನ್ನೂ ನೋಡಿ, ಏನಾದರೂ ಕೆಟ್ಟಿದ್ದರೆ ತಯಾರಕರಿಗೆ ಹೇಳೋಣ ಎಂಬ ಆಸೆ. ಬಿಡುಗಡೆಯಾದ ಮೇಲೆ ಗೊಣಗುವುದು ಎಲ್ಲರಿಗೂ ಬರುತ್ತದೆ.

ಆದರೆ ಇರುವುದು ಒಂದೇ ಲ್ಯಾಪ್‌ಟಾಪ್. 512 ಜಿಬಿ ಡಿಸ್ಕ್, 8 ಜಿಬಿ ರ‍್ಯಾಮ್. ವಿಂಡೋಸ್ ಒಂದು ದಿನ ನಿಂತರೂ ನನ್ನ ಊಟಕ್ಕೆ ಕಲ್ಲು ಬೀಳುತ್ತದೆ. ಪಕ್ಕದಲ್ಲಿ ಹಾಕಬಹುದೇ? ಎಲ್ಲಿ ಎಡವುತ್ತೇನೆ?

ಸೊನ್ನೆಒಂದು · ಏಪ್ರಿಲ್ 12, ರಾತ್ರಿ 9.58

ಅರ್ಧ ಗಂಟೆಯ ಕೆಲಸ ಸರ್. ಮೊದಲು ಬಯಾಸ್‌ಗೆ (ಯಂತ್ರ ಏಳುವಾಗಿನ ಸೆಟ್ಟಿಂಗ್) ಹೋಗಿ, ಸಹಿ ಇಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ, ಲಿನಕ್ಸ್‌ಗೆ ಅದು ಅಡ್ಡಗಾಲು. ಪೆನ್‌ಡ್ರೈವ್ ಹಾಕಿ, ಅದರಿಂದಲೇ ಬೂಟ್ ಮಾಡಿ. ವಿಂಡೋಸ್ ಜೊತೆಯಲ್ಲಿ ಹಾಕು ಎಂಬ ಆಯ್ಕೆ ಬರುತ್ತದೆ, ಒತ್ತಿ. ನಾನು ಹಾಸ್ಟೆಲಿನಲ್ಲಿ ಆರು ಜನರಿಗೆ ಹಾಕಿಕೊಟ್ಟಿದ್ದೇನೆ.

ಕರ್ನಲ್ ಕಾಕಾ · ಏಪ್ರಿಲ್ 12, ರಾತ್ರಿ 11.15

ತಮ್ಮಾ ಸೊನ್ನೆಒಂದು, ಹಾಸ್ಟೆಲಿನ ಲ್ಯಾಪ್‌ಟಾಪ್ ಬೇರೆ, ಅಂಗಡಿಯ ಲ್ಯಾಪ್‌ಟಾಪ್ ಬೇರೆ. ನಿನ್ನದು ಕೆಟ್ಟರೆ ಒಂದು ಅಸೈನ್‌ಮೆಂಟ್ ತಪ್ಪುತ್ತದೆ, ಅವರದು ಕೆಟ್ಟರೆ ಯಾರದೋ ಮಗಳ ಮದುವೆಯ ಪತ್ರಿಕೆ ತಪ್ಪುತ್ತದೆ.

ಅಚ್ಚುಮೊಳೆಯವರೇ, ಬೀಟಾ ಎಂದರೆ ಜನ ಬೀಟಾಕ್ಕೇ ಹೆದರುತ್ತಾರೆ. ಅದು ಕುಸಿದು ಬಿದ್ದರೆ ಅದರ ಪಾಡಿಗೆ ಬೀಳಲಿ, ನಿಮ್ಮದೇನೂ ಹೋಗದು. ಒಂದೇ ಮನೆಯಲ್ಲಿ ಎರಡು ಸಂಸಾರ ಹೂಡಿದಾಗ ಜಗಳ ಹುಟ್ಟುವುದು ಅವರವರ ಕೋಣೆಯಲ್ಲಲ್ಲ, ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮುಂಬಾಗಿಲಲ್ಲಿ. ಇಲ್ಲಿಯೂ ಹಾಗೆಯೇ. ಎರಡೂ ಹಂಚಿಕೊಳ್ಳುವ ಜಾಗಗಳು ಯಾವುವು ಎಂದು ಮೊದಲು ಎಣಿಸಿ: ಬೂಟ್ ಕಡತಗಳಿರುವ ಆ ಪುಟ್ಟ ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ಒಂದು ಪಾಲು), ಮದರ್‌ಬೋರ್ಡಿನ ಗಡಿಯಾರ, ಬಯಾಸ್ ಸೆಟ್ಟಿಂಗ್, ಡಿಸ್ಕಿನ ಬೀಗ.

2009ರಲ್ಲಿ ನಾನು ವಿಂಡೋಸ್ 7ರ ಬಿಡುಗಡೆಪೂರ್ವ ಪ್ರತಿಯನ್ನು ಎಕ್ಸ್‌ಪಿಯ ಪಕ್ಕದಲ್ಲಿ ಹಾಕಿದ್ದೆ. ಪ್ರತಿಸಲ ಎಕ್ಸ್‌ಪಿಗೆ ಹೋಗಿಬಂದಾಗಲೂ 7ರ ರಿಸ್ಟೋರ್ ಪಾಯಿಂಟುಗಳೆಲ್ಲ (ಕೆಟ್ಟರೆ ಹಿಂದಕ್ಕೆ ಮರಳಲು ಉಳಿಸಿಟ್ಟ ಸ್ಥಿತಿಗಳು) ಮಾಯ. ಎಕ್ಸ್‌ಪಿಗೆ ಆ ಹೊಸ ಬಗೆಯ ದಾಖಲೆ ಅರ್ಥವಾಗುತ್ತಿರಲಿಲ್ಲ, ಕಸವೆಂದು ಗುಡಿಸಿಹಾಕುತ್ತಿತ್ತು. ಕೆಟ್ಟದ್ದು ಹೊಸದಲ್ಲ, ಹಳೆಯದೂ ಅಲ್ಲ; ಇಬ್ಬರೂ ಒಂದೇ ಡಿಸ್ಕ್ ಮುಟ್ಟಿದ್ದರು, ಅಷ್ಟೇ. ಆ ಪ್ರತಿಗೆ ಗಡುವೂ ಇತ್ತು: 2010ರ ಮಾರ್ಚ್ 1ರಿಂದ ಎರಡು ಗಂಟೆಗೊಮ್ಮೆ ತಾನಾಗಿ ಆರುತ್ತದೆ, ಜೂನ್ 1ಕ್ಕೆ ಅವಧಿ ಮುಗಿಯುತ್ತದೆ ಎಂದು ಮೊದಲೇ ಹೇಳಿದ್ದರು. ನಾನು ಏಪ್ರಿಲ್‌ವರೆಗೂ ಬಿಡದೆ ಬಳಸಿದೆ. ಅದು ಆರಿದಾಗಲೆಲ್ಲ ನಮ್ಮ ಮನೆಯವಳಿಗೆ ಸಂತೋಷ, ಆಗಲಾದರೂ ಊಟಕ್ಕೆ ಏಳುತ್ತಿದ್ದೆನಲ್ಲ.

ನಾಳೆ ಉಳಿದದ್ದು ಬರೆಯುತ್ತೇನೆ. ಅಲ್ಲಿಯವರೆಗೆ ಬಯಾಸ್ ಮುಟ್ಟಬೇಡಿ.

ಅಚ್ಚುಮೊಳೆ · ಏಪ್ರಿಲ್ 13, ಬೆಳಿಗ್ಗೆ 8.05

ಕಾಕಾ, ನಿಮ್ಮ ಮಾತನ್ನು ಈಗ ಓದುತ್ತಿದ್ದೇನೆ. ಬಯಾಸ್ ಮುಟ್ಟಿಯಾಗಿದೆ.

ರಾತ್ರಿಯೇ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಪೆನ್‌ಡ್ರೈವಿನಿಂದ ಉಬುಂಟು ಎದ್ದಿತು, ಚೆನ್ನಾಗಿಯೇ ಇತ್ತು. ಏನನ್ನೂ ಇನ್‌ಸ್ಟಾಲ್ ಮಾಡಲಿಲ್ಲ. ಬೆಳಿಗ್ಗೆ ವಿಂಡೋಸ್ ಹಚ್ಚಿದರೆ ನೀಲಿ ಪರದೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಲಿ ಕೊಡು ಎನ್ನುತ್ತಿದೆ. ನಾನು ಯಾವ ಬೀಗವನ್ನೂ ಹಾಕಿಲ್ಲ! ಹನ್ನೊಂದು ಗಂಟೆಗೆ ಪಕ್ಷದವರು ಕರಪತ್ರದ ಪ್ರೂಫ್ ನೋಡಲು ಬರುತ್ತಾರೆ. ಇದನ್ನು ಮೊಬೈಲಿನಿಂದ ಬರೆಯುತ್ತಿದ್ದೇನೆ, ಬೆರಳು ನಡುಗುತ್ತಿದೆ.

ಮಲೆನಾಡಗಿತ್ತಿ · ಏಪ್ರಿಲ್ 13, ಬೆಳಿಗ್ಗೆ 8.12

ಗಾಬರಿಯಾಗಬೇಡಿ ಸರ್, ಡೇಟಾ ಎಲ್ಲಿಯೂ ಹೋಗಿಲ್ಲ. ಮತ್ತೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನು ಮೊದಲಿದ್ದಂತೆಯೇ ಹಾಕಿ. ಬಹಳಷ್ಟು ಸಲ ಅಷ್ಟಕ್ಕೇ ಬಾಗಿಲು ತೆರೆಯುತ್ತದೆ.

ಬೀಗ ನೀವು ಹಾಕಿಲ್ಲ, ನಿಜ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ಕೀಲಿ ಟಿಪಿಎಂ ಎಂಬ ಚಿಪ್ಪಿನಲ್ಲಿರುತ್ತದೆ. ಯಂತ್ರ ಏಳುವ ರೀತಿ ಎಂದಿನಂತೆ ಇದ್ದರೆ ಮಾತ್ರ ಚಿಪ್ಪು ಕೀಲಿ ಕೊಡುತ್ತದೆ. ನೀವು ಸೆಕ್ಯೂರ್ ಬೂಟ್ ಆಫ್ ಮಾಡಿದ್ದು ಅದಕ್ಕೆ ಕಳ್ಳತನದಂತೆ ಕಂಡಿದೆ.

ಅಚ್ಚುಮೊಳೆ · ಏಪ್ರಿಲ್ 13, ಮಧ್ಯಾಹ್ನ 2.30

ಬದುಕಿದೆ. ಏನಾಯಿತೆಂದು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಸೆಕ್ಯೂರ್ ಬೂಟ್ ಮತ್ತೆ ಹಾಕಿದರೂ ತೆರೆಯಲಿಲ್ಲ. ರಾತ್ರಿ ಬಯಾಸ್‌ನಲ್ಲಿ ಇನ್ನೂ ಎರಡು ಮೂರು ಕಡೆ ಕೈ ಹಾಕಿದ್ದೆ, ಯಾವುದೆಂದು ನೆನಪಿಲ್ಲ. ಆದ್ದರಿಂದ ಕೀಲಿಯೇ ಬೇಕಾಯಿತು. ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ ಎಂದು ಪರದೆಯೇ ಹೇಳುತ್ತಿತ್ತು. ನನ್ನ ಖಾತೆ ತೆರೆದರೆ ಖಾಲಿ. ಆಮೇಲೆ ಹೊಳೆಯಿತು: ಲ್ಯಾಪ್‌ಟಾಪ್ ತಂದ ದಿನ ಎಲ್ಲವನ್ನೂ ಹೊಂದಿಸಿದವನು ಅಕ್ಕನ ಮಗ. ತನ್ನ ಖಾತೆಯನ್ನೇ ಹಾಕಿದ್ದ.

ಅವನು ಬೆಳಗಾವಿಯಲ್ಲಿ ಓದುತ್ತಿದ್ದಾನೆ. ಒಂಬತ್ತು ಸಲ ಫೋನ್ ಮಾಡಿದ ಮೇಲೆ ಎದ್ದ. ನಲವತ್ತೆಂಟು ಅಂಕಿ, ಆರಾರರಂತೆ ಎಂಟು ಗುಂಪು. ಪರದೆಯ ಫೋಟೊ ಕಳಿಸು ಎನ್ನುವ ಬುದ್ಧಿ ಇಬ್ಬರಿಗೂ ಬರಲಿಲ್ಲ ನೋಡಿ. ಅವನು ಎರಡೆರಡು ಅಂಕಿ ಸೇರಿಸಿ ಓದುತ್ತಾನೆ, ನಾನು ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ. ಹೊರಗೆ ಪ್ರಚಾರದ ಆಟೊ ಕಿರುಚುತ್ತಿದೆ. ಎಪ್ಪತ್ತೆರಡೋ ಎಂಬತ್ತೆರಡೋ ತಿಳಿಯುತ್ತಿಲ್ಲ. ಮೂರು ಸಲ ತಪ್ಪಾಯಿತು, ನಾಲ್ಕನೆಯ ಸಲಕ್ಕೆ ತೆರೆಯಿತು. ಆಗ ಸಮಯ ಹತ್ತು ಐವತ್ತು.

ಪ್ರೂಫ್ ತೋರಿಸಿ ಕಳಿಸಿದೆ. ಆದರೆ ಬೀಟಾ ಹಾಕುವ ಹಟ ಬಿಟ್ಟಿಲ್ಲ.

ಸೊನ್ನೆಒಂದು · ಏಪ್ರಿಲ್ 13, ಮಧ್ಯಾಹ್ನ 2.41

ಸರ್, ತಪ್ಪು ನನ್ನದು. ಆ ಆರೂ ಲ್ಯಾಪ್‌ಟಾಪುಗಳು ಹಳೆಯವು, ಯಾವುದರಲ್ಲಿಯೂ ಬೀಗ ಇರಲಿಲ್ಲ. ಕ್ಷಮಿಸಿ.

ಕರ್ನಲ್ ಕಾಕಾ · ಏಪ್ರಿಲ್ 13, ಸಂಜೆ 5.20

ಎಪ್ಪತ್ತೆರಡೋ ಎಂಬತ್ತೆರಡೋ ಎಂದು ಒದ್ದಾಡಬೇಕಾಗಿರಲಿಲ್ಲ. ಬಿಟ್‌ಲಾಕರ್ ಕೀಲಿಯ ಪ್ರತಿ ಆರಂಕಿ ಗುಂಪೂ 11ರಿಂದ ಭಾಗವಾಗುತ್ತದೆ. ಹಾಗೆಯೇ ಮಾಡಿಟ್ಟಿದ್ದಾರೆ, ಬರೆದುಕೊಂಡದ್ದು ತಪ್ಪಿದರೆ ಗೊತ್ತಾಗಲಿ ಎಂದು.

ಪ್ರಾಥಮಿಕ ಶಾಲೆಯ ಲೆಕ್ಕ ನೆನಪಿಸಿಕೊಳ್ಳಿ. ಉದಾಹರಣೆಗೆ 478258. ಒಂದು ಬಿಟ್ಟು ಒಂದು ಕೂಡಿ: 4, 8, 5 ಸೇರಿ 17, ಉಳಿದ 7, 2, 8 ಸೇರಿ 17. ವ್ಯತ್ಯಾಸ ಸೊನ್ನೆ, ಗುಂಪು ಸರಿ. ಎಂಬತ್ತೆರಡನ್ನು ಎಪ್ಪತ್ತೆರಡು ಎಂದು ಕೇಳಿಸಿಕೊಂಡು 477258 ಎಂದು ಬರೆದರೆ 16 ಮತ್ತು 17, ವ್ಯತ್ಯಾಸ ಒಂದು. ಸೊನ್ನೆ ಅಥವಾ ಹನ್ನೊಂದು ಬಾರದಿದ್ದರೆ ಆ ಗುಂಪನ್ನು ಮತ್ತೊಮ್ಮೆ ಓದಿಸಿ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಅಂಕಿ ಕೂಡಿದವನ ಮಾತು, ನಂಬಿ.

ಮಲೆನಾಡಗಿತ್ತಿ · ಏಪ್ರಿಲ್ 13, ರಾತ್ರಿ 10.30

ಕಾಕಾ, ಇದು ನನಗೂ ಗೊತ್ತಿರಲಿಲ್ಲ!

ಅಚ್ಚುಮೊಳೆ ಸರ್, ಈಗ ನಿಧಾನವಾಗಿ ಮಾಡೋಣ. ನಾನು ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವಳು, ದಿನವೂ ಇದೇ ಕೆಲಸ. ನನ್ನ ಕ್ರಮ ಹೇಳುತ್ತೇನೆ.

ಪೇಜ್‌ಮೇಕರ್ ಕಡತ, ಫಾಂಟುಗಳು, ಗ್ರಾಹಕರ ಫೋಟೊ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಕಪಾಟಿನಲ್ಲಿಡಿ. ಬಿಚ್ಚಿ ಎಂದದ್ದು ಬೇಕೆಂದೇ. ಇನ್‌ಸ್ಟಾಲರ್ ಡಿಸ್ಕುಗಳ ಪಟ್ಟಿ ತೋರಿಸುವಾಗ ಎರಡು ಹೆಸರು ಕಂಡರೆ ದಣಿದ ಕಣ್ಣು ತಪ್ಪು ಹೆಸರನ್ನೇ ಆರಿಸುತ್ತದೆ.

ಆಮೇಲೆ ವಿಂಡೋಸ್ ಸೆಟ್ಟಿಂಗಿನಲ್ಲಿ ಸಾಧನದ ಎನ್‌ಕ್ರಿಪ್ಷನ್ (ಅದೇ ಆ ಬೀಗ) ಆಫ್ ಮಾಡಿ, ಡಿಸ್ಕ್ ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. ಒಂದೆರಡು ಗಂಟೆ ಹಿಡಿಯಬಹುದು. ಬೀಗ ಉಳಿಸಿಕೊಂಡೇ ಹಾಕಲು ದಾರಿ ಇದೆ, ಆದರೆ ಮೊದಲ ಸಲಕ್ಕೆ ಬೇಡ. ಎಲ್ಲ ಮುಗಿದ ಮೇಲೆ ಮತ್ತೆ ಬೀಗ ಹಾಕಿ, ಗ್ರಾಹಕರ ಆಧಾರ್ ಪ್ರತಿಗಳು ಅದರಲ್ಲಿರುತ್ತವೆ. ಈ ಸಲ ಕೀಲಿಯನ್ನು ನೀವೇ ಬರೆದಿಟ್ಟುಕೊಳ್ಳಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಕಣ್ಣಿಗೆ ಬೀಳದ ಕಳ್ಳ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ನಿಜವಾಗಿ ಮಲಗುವುದಿಲ್ಲ, ಅರ್ಧ ಎಚ್ಚರದ ಸ್ಥಿತಿಯನ್ನು ಡಿಸ್ಕಿಗೆ ಬರೆದು ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಬಂದು ಅದೇ ಪಾರ್ಟಿಷನ್ನಿಗೆ ಏನಾದರೂ ಬರೆದರೆ, ಎದ್ದ ವಿಂಡೋಸ್‌ಗೆ ತನ್ನ ಮನೆಯ ಗುರುತೇ ಸಿಗುವುದಿಲ್ಲ. ಸಾಮಾನ್ಯವಾಗಿ ಉಬುಂಟು ಇಂಥ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯುತ್ತದೆ, ಆದರೂ ಪವರ್ ಆಯ್ಕೆಗಳಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ.

ಜಾಗ ಮಾಡುವ ಕೆಲಸವನ್ನು ಬೀಟಾ ಇನ್‌ಸ್ಟಾಲರಿಗೆ ಬಿಡಬೇಡಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಸಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಖಾಲಿ ಬಿಡಿ. ಆ ಖಾಲಿ ಜಾಗವನ್ನು ಇನ್‌ಸ್ಟಾಲರಿಗೆ ತೋರಿಸಿ. ಇಡೀ ಡಿಸ್ಕ್ ಅಳಿಸುವ ಆಯ್ಕೆ ಅಲ್ಲೇ ಪಕ್ಕದಲ್ಲಿರುತ್ತದೆ. ಒತ್ತುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಇಎಫ್‌ಐ ಪಾರ್ಟಿಷನ್ ಬರೀ 100 ಎಂಬಿ ಇದೆ ಎಂದು ಹೆದರಿ ಅದನ್ನು ಹಿಗ್ಗಿಸಲು ಹೋಗಬೇಡಿ. ಉಬುಂಟು ಅಲ್ಲಿ ಇಡುವುದು ಕೆಲವೇ ಎಂಬಿ, ಕರ್ನಲ್‌ಗಳು (ವ್ಯವಸ್ಥೆಯ ತಿರುಳು) ಅದರದೇ ಪಾರ್ಟಿಷನ್ನಿನಲ್ಲಿರುತ್ತವೆ. ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ, ವಿಂಡೋಸ್‌ನ ಬಾಗಿಲೂ ಅಲ್ಲಿಯೇ ಇದೆ.

ಸೆಕ್ಯೂರ್ ಬೂಟ್ ಆಫ್ ಮಾಡುವುದು ಬೇಡವೇ ಬೇಡ. ಉಬುಂಟುವಿನ ಬೂಟ್ ಕಡತಕ್ಕೆ ಮೈಕ್ರೋಸಾಫ್ಟ್ ಸಹಿ ಇದೆ, ಹಾಗೆಯೇ ಏಳುತ್ತದೆ. ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಡ್ರೈವರ್ ಹಾಕುವಾಗ ಒಂದು ಹೆಚ್ಚಿನ ಹೆಜ್ಜೆ ಉಂಟು, ನಿಮಗೆ ಅದೂ ಇಲ್ಲ ಎಂದುಕೊಳ್ಳುತ್ತೇನೆ.

ಸೊನ್ನೆಒಂದು · ಏಪ್ರಿಲ್ 13, ರಾತ್ರಿ 10.52

ಅಕ್ಕಾ, ಬೀಟಾ ಏಪ್ರಿಲ್ 4ಕ್ಕೇ ಬರಬೇಕಿತ್ತಲ್ಲ, ಒಂದು ವಾರ ತಡವೇಕೆ? ಅಷ್ಟು ಕೆಟ್ಟಿತ್ತೇ?

ಮಲೆನಾಡಗಿತ್ತಿ · ಏಪ್ರಿಲ್ 13, ರಾತ್ರಿ 11.20

ಕೆಟ್ಟಿತ್ತೆಂದಲ್ಲ, ಅನುಮಾನ ಬಂದಿತ್ತು. ಈ ಕಥೆ ಮೊಮ್ಮಕ್ಕಳಿಗೆ ಹೇಳುವಂಥದು.

ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಸಲಕರಣೆ. ಯಾರೂ ಅದರ ಹೆಸರು ಹೇಳುವುದಿಲ್ಲ, ಎಲ್ಲ ಲಿನಕ್ಸಿನಲ್ಲಿಯೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಕೊರೆದಿಟ್ಟರು. ದೂರದಿಂದ ಸರ್ವರ್‌ಗೆ ಒಳಹೋಗುವ ಎಸ್‌ಎಸ್‌ಎಚ್‌ನ ಬೀಗವೇ ಅದಕ್ಕೆ ಗುರಿ.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟಿನಲ್ಲಿರುವ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಎಂಜಿನಿಯರ್. ಡೆಬಿಯನ್ ಎಂಬ ಲಿನಕ್ಸಿನ ಬಿಡುಗಡೆಪೂರ್ವ ಪ್ರತಿಯಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಕಿರಿಕಿರಿಯಾಯಿತು. ಕೆದಕುತ್ತ ಹೋದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಅನ್ನದಲ್ಲಿ ಸಿಕ್ಕ ಒಂದು ಕಲ್ಲಿನಿಂದ ಇಡೀ ಮೂಟೆ ಜರಡಿ ಹಿಡಿದಂತೆ. ಉಬುಂಟು ತಯಾರಿಸುವ ಕ್ಯಾನನಿಕಲ್‌ನವರು ಫೆಬ್ರವರಿ 26ರ ನಂತರ ಈ ಆವೃತ್ತಿಗಾಗಿ ಕಟ್ಟಿದ್ದ ಪ್ಯಾಕೇಜುಗಳನ್ನೆಲ್ಲ ಹೊಸ ಯಂತ್ರಗಳಲ್ಲಿ ಮತ್ತೆ ಕಟ್ಟಿದರು. ಆ ವಾರ ಹೋದದ್ದು ಅದಕ್ಕೆ.

ಬಿಡುಗಡೆಪೂರ್ವ ಪ್ರತಿಯನ್ನು ಬಳಸುವ ಕಿರಿಕಿರಿ ಸ್ವಭಾವದವರು ಇದ್ದದ್ದರಿಂದಲೇ ಅದು ಸಿಕ್ಕಿತು, ಅಚ್ಚುಮೊಳೆ ಸರ್. ಅದಕ್ಕೇ ನಿಮ್ಮ ಹಟಕ್ಕೆ ನನ್ನ ಬೆಂಬಲ. ಕಡತ ಇಳಿಸಿಕೊಂಡ ಮೇಲೆ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಖ್ಯೆ) ಹೊಂದಿಸಿ ನೋಡುವುದನ್ನು ಮರೆಯಬೇಡಿ.

ಕಡಲಾಚೆ · ಏಪ್ರಿಲ್ 14, ಬೆಳಗಿನ ಜಾವ 3.10 (ಇಲ್ಲಿ ಜರ್ಮನಿಯಲ್ಲಿ ಇನ್ನೂ ಶನಿವಾರ ರಾತ್ರಿ)

ನಾನು ಮ್ಯಾಕ್ ಬಳಸುವವನು. ನಮ್ಮಲ್ಲಿ ಪಾರ್ಟಿಷನ್ ಕುಗ್ಗಿಸುವ ಗೋಜಿಲ್ಲ. ಆಪಲ್‌ನ ಕಡತ ವ್ಯವಸ್ಥೆ ಎಪಿಎಫ್‌ಎಸ್‌ನಲ್ಲಿ ಇನ್ನೊಂದು ವಾಲ್ಯೂಮ್ ಸೇರಿಸಿದರೆ ಇರುವ ಜಾಗವನ್ನೇ ಎರಡೂ ಹಂಚಿಕೊಳ್ಳುತ್ತವೆ. ಬೇಡವಾದಾಗ ವಾಲ್ಯೂಮ್ ಅಳಿಸಿದರಾಯಿತು. ಆದರೆ ಕಾಕಾ ಹೇಳಿದ ಅಡುಗೆಮನೆ ನಮ್ಮಲ್ಲಿಯೂ ಇದೆ. ಆಪಲ್ ಚಿಪ್ಪಿನ ಯಂತ್ರದಲ್ಲಿ ಬೀಟಾ ಹಾಕಿದರೆ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಇಡೀ ಯಂತ್ರಕ್ಕೆ ಹೊಸದಾಗುತ್ತದೆ, ವಾಲ್ಯೂಮ್ ಅಳಿಸಿದರೂ ಅದು ಹಿಂದೆ ಸರಿಯುವುದಿಲ್ಲ. ಬೀಟಾದಲ್ಲಿ ನಿಮ್ಮ ನಿಜವಾದ ಐಕ್ಲೌಡ್ ಖಾತೆ ಹಾಕಿದರೆ ಫೋಟೊ, ಟಿಪ್ಪಣಿಗಳ ಮೇಲೂ ಅದರ ಕೈ ಇರುತ್ತದೆ.

ಅಚ್ಚುಮೊಳೆ · ಏಪ್ರಿಲ್ 16, ರಾತ್ರಿ 10.05

ಹಾಕಿದೆ. ಎರಡೂ ಏಳುತ್ತಿವೆ. ಇದನ್ನು ಬರೆಯುತ್ತಿರುವುದು ಉಬುಂಟುವಿನಿಂದಲೇ.

ಬೀಗ ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಸಿ ಡ್ರೈವ್ ಕುಗ್ಗಿಸಲು ಹೋದರೆ, 250 ಜಿಬಿ ಖಾಲಿ ಇದ್ದರೂ ಬರೀ 11 ಜಿಬಿ ಕುಗ್ಗಿಸಬಹುದು ಎಂದಿತು! ಇಲ್ಲಿಯ ಹಳೆಯ ಚರ್ಚೆಗಳನ್ನು ಹುಡುಕಿದಾಗ ಕಾರಣ ಸಿಕ್ಕಿತು. ಅಲುಗಾಡಿಸಲಾಗದ ಯಾವುದೋ ಕಡತ ಡ್ರೈವಿನ ಕೊನೆಯಲ್ಲಿ ಕುಳಿತಿರುತ್ತದೆ, ಕುಗ್ಗಿಸುವ ಸಲಕರಣೆ ಅದನ್ನು ದಾಟಿ ಬರಲಾರದು. ತುಂಬಿದ ಬಸ್ಸಿನಲ್ಲಿ ಒಬ್ಬ ಬಾಗಿಲಲ್ಲೇ ನಿಂತಂತೆ. ಹೈಬರ್ನೇಷನ್ (ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುವುದು), ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಕಡತ), ರಿಸ್ಟೋರ್ ಪಾಯಿಂಟ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿದೆ. 60 ಜಿಬಿ ತಕರಾರಿಲ್ಲದೆ ಸಿಕ್ಕಿತು. ಪೇಜ್‌ಫೈಲ್ ಮತ್ತು ರಿಸ್ಟೋರ್ ಪಾಯಿಂಟನ್ನು ಮತ್ತೆ ಹಾಕಿದ್ದೇನೆ. ಹೈಬರ್ನೇಷನ್ ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ಪೂ ಇಲ್ಲ ಎಂದು ಓದಿದೆ, ಅದನ್ನು ನಿಲ್ಲಿಸಿದಂತೆಯೇ ಬಿಟ್ಟೆ.

ಇನ್‌ಸ್ಟಾಲ್ ಆಗಲು ಇಪ್ಪತ್ತು ನಿಮಿಷ. ಆ ಭಾಗದಲ್ಲಿ ಹೇಳುವಂಥದ್ದು ಏನೂ ಇಲ್ಲ.

ಒಂದು ವಿಚಿತ್ರ ಮಾತ್ರ. ಇಂದು ಬೆಳಿಗ್ಗೆ ಹತ್ತೂ ಹತ್ತಕ್ಕೆ ವಿಂಡೋಸ್‌ನಲ್ಲಿ ಒಬ್ಬರಿಗೆ ಬಿಲ್ ಮುದ್ರಿಸಿ ಕೊಟ್ಟೆ. ಅವರು ಬಿಲ್ ನೋಡಿ, ಏನು ಸಾಹುಕಾರರೇ, ಬ್ರಾಹ್ಮೀ ಮುಹೂರ್ತದಲ್ಲಿ ಅಂಗಡಿ ತೆರೆದಿರೋ ಎಂದರು. ಸಮಯ ಬೆಳಿಗ್ಗೆ 4.40 ಎಂದು ಬಂದಿತ್ತು.

ಕರ್ನಲ್ ಕಾಕಾ · ಏಪ್ರಿಲ್ 16, ರಾತ್ರಿ 10.40

ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಕಣ್ಣು ಮುಚ್ಚಿ ಹೇಳಬಹುದು, ಗಡಿಯಾರದ ಜಗಳ. ಮದರ್‌ಬೋರ್ಡಿನ ಗಡಿಯಾರದಲ್ಲಿ ನಮ್ಮ ಊರಿನ ಸಮಯ ಇದೆ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅಲ್ಲಿ ಜಾಗತಿಕ ಸಮಯ ಇಡುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಉಬುಂಟು ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಂಡು ಗಡಿಯಾರಕ್ಕೆ ಬರೆಯಿತು, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದಿತು. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆ ಬಳಸಿ ಉಬುಂಟುವಿಗೆ ಸ್ಥಳೀಯ ಸಮಯವನ್ನೇ ಇಡು ಎಂದು ಹೇಳಿದರೆ ಮುಗಿಯಿತು.

ಕಡಲಾಚೆ · ಏಪ್ರಿಲ್ 17, ಬೆಳಗಿನ ಜಾವ 1.30

ಭಾರತದಲ್ಲಿ ಕಾಕಾ ಹೇಳಿದ ದಾರಿ ಸಾಕು. ನನ್ನ ಹಾಗೆ ಬೇಸಿಗೆಗೆ ಗಡಿಯಾರ ಮುಂದೂಡುವ ದೇಶದಲ್ಲಿ ಇರುವವರು ಮಾಡಬೇಡಿ. ಕಚೇರಿಯ ಪಿ.ಸಿ.ಯಲ್ಲಿ ವಿಂಡೋಸ್ ಒಂದು ಗಂಟೆ ಮುಂದೂಡಿತು, ಪಕ್ಕದ ಲಿನಕ್ಸ್ ತಾನೂ ಒಂದು ಗಂಟೆ ಮುಂದೂಡಿತು. ಸಭೆಗೆ ಒಂದು ಗಂಟೆ ಮೊದಲೇ ಹೋಗಿ ಖಾಲಿ ಕೋಣೆಯಲ್ಲಿ ಕುಳಿತಿದ್ದೆ. ನಮ್ಮಂಥವರು ವಿಂಡೋಸ್‌ಗೇ ರಿಜಿಸ್ಟ್ರಿಯಲ್ಲಿ ಜಾಗತಿಕ ಸಮಯ ಕಲಿಸುವುದು ಲೇಸು.

ಸೊನ್ನೆಒಂದು · ಏಪ್ರಿಲ್ 18, ರಾತ್ರಿ 8.15

ನಾನೂ ಹಾಕಿದೆ, ನನ್ನ ಹಳೆಯ ಉಬುಂಟು 22.04ರ ಪಕ್ಕದಲ್ಲಿ. ಈಗ ಹಳೆಯದಕ್ಕೆ ಕರ್ನಲ್ ಅಪ್‌ಡೇಟ್ ಬಂದರೂ ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ಲೇ ಕಾಣುತ್ತಿದೆ. ಆ ಮೆನು ತೋರಿಸುವ ಗ್ರಬ್‌ನ ಸೆಟ್ಟಿಂಗನ್ನು ಹಳೆಯದರಲ್ಲಿ ಬದಲಾಯಿಸಿದರೂ ಪರಿಣಾಮವಿಲ್ಲ. ಏನಿದು ಮಾಯೆ?

ಮಲೆನಾಡಗಿತ್ತಿ · ಏಪ್ರಿಲ್ 18, ರಾತ್ರಿ 9.00

ಉಬುಂಟು ಪಕ್ಕ ಉಬುಂಟು ಹಾಕುವವರೆಲ್ಲ ಬೀಳುವ ಗುಂಡಿ ಇದು. ಇಎಫ್‌ಐ ಪಾರ್ಟಿಷನ್ನಿನಲ್ಲಿ ವಿಂಡೋಸ್‌ಗೆ ಬೇರೆ ಫೋಲ್ಡರ್, ಉಬುಂಟುವಿಗೆ ಬೇರೆ. ಆದರೆ ಎರಡು ಉಬುಂಟುಗಳಿಗೂ ಫೋಲ್ಡರಿನ ಹೆಸರು ಒಂದೇ: ಉಬುಂಟು! ಕೊನೆಯಲ್ಲಿ ಬಂದದ್ದು ಮೊದಲಿನದರ ಮೇಲೆಯೇ ಬರೆಯುತ್ತದೆ. ಈಗ ನಿನ್ನ ಮೆನುವಿನ ಯಜಮಾನಿಕೆ ಬೀಟಾದ್ದು. ಹಳೆಯದಕ್ಕೆ ಕರ್ನಲ್ ಬಂದಾಗಲೆಲ್ಲ ಬೀಟಾಕ್ಕೆ ಹೋಗಿ ಗ್ರಬ್ ಅಪ್‌ಡೇಟ್ ಓಡಿಸಬೇಕು. ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಗ್ರಬ್ 2.06ರಿಂದ ಮೊದಲೇ ಆಫ್ ಆಗಿರುತ್ತದೆ, ಅದನ್ನು ಗ್ರಬ್ ಸೆಟ್ಟಿಂಗಿನಲ್ಲಿ ಆನ್ ಮಾಡಿಕೋ.

ಬಿಡುಗಡೆಪೂರ್ವ ಪ್ರತಿಯ ಕೈಗೆ ಮುಂಬಾಗಿಲ ಕೀಲಿ ಕೊಡಲು ನನಗಂತೂ ಇಷ್ಟವಿಲ್ಲ. ಹಳೆಯದರಿಂದ ಗ್ರಬ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಯಜಮಾನಿಕೆ ಅದಕ್ಕೆ ಮರಳುತ್ತದೆ. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆ.

ಅಚ್ಚುಮೊಳೆ · ಏಪ್ರಿಲ್ 21, ಮಧ್ಯಾಹ್ನ 3.45

ಕನ್ನಡದ ಪರೀಕ್ಷೆ ಮುಗಿಸಿದೆ, ಇಂದು ಭಾನುವಾರ ಸಿಕ್ಕಿತು.

ನನ್ನ ಬೆರಳುಗಳಿಗೆ ಗೊತ್ತಿರುವುದು ನುಡಿಯ ಕೆ.ಪಿ. ರಾವ್ ವಿನ್ಯಾಸ ಒಂದೇ. ಅದು ಉಬುಂಟುವಿನ ಟೈಪಿಂಗ್ ಸಲಕರಣೆ ಐಬಸ್‌ನ ಎಂ17ಎನ್ ಎಂಬ ಕೀಲಿವಿನ್ಯಾಸಗಳ ಸಂಗ್ರಹದಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಕ್ಕಿತು. ಕುಳಿತ ಮೊದಲ ಹತ್ತು ನಿಮಿಷದಲ್ಲಿಯೇ ಒಂದು ಪುಟ ಹೊಡೆದೆ. ಗುಬ್ಬಿ, ನವಿಲು ಫಾಂಟುಗಳನ್ನೂ ಹಾಕಿಕೊಂಡೆ. ನುಡಿಯ ಹಳೆಯ ಕಡತಗಳು ಮಾತ್ರ ನಿರೀಕ್ಷಿಸಿದಂತೆಯೇ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಂಡವು. ಅವು ಫಾಂಟನ್ನೇ ನಂಬಿಕೊಂಡ ಬರಹ, ಪರಿವರ್ತಿಸದೆ ಗತಿಯಿಲ್ಲ.

ನನ್ನ ಅಗ್ನಿಪರೀಕ್ಷೆ ಒಂದೇ ಪದ: ರ‍್ಯಾಲಿ. ಈ ತಿಂಗಳು ಪ್ರತಿ ಕರಪತ್ರದಲ್ಲಿಯೂ ಇದೇ ಪದ. ಸುಮ್ಮನೆ ಒತ್ತಿದರೆ ಅರ್ಕಾವತ್ತು ಬಂದು ರ್ಯಾಲಿ ಆಗುತ್ತದೆ, ಅದನ್ನು ನೋಡಿದ ಗ್ರಾಹಕ ಕಾಗದ ಮುಖಕ್ಕೆ ಎಸೆಯುತ್ತಾನೆ. ರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಸೇರಿಸಬೇಕು. ಲಿಬ್ರೆಆಫೀಸ್ 24.2ರಲ್ಲಿ ಪರದೆಯ ಮೇಲೆ ಸರಿ, ಪಿಡಿಎಫ್‌ನಲ್ಲಿ ಸರಿ, ಮುದ್ರಣದಲ್ಲಿಯೂ ಸರಿ. 72 ಪಾಯಿಂಟ್ ಗಾತ್ರದಲ್ಲಿ ಮುದ್ರಿಸಿ ಭೂತಗನ್ನಡಿ ಹಿಡಿದು ನೋಡಿದೆ, ಯ ಒತ್ತು ರದ ಕೆಳಗೇ ಕುಳಿತಿತ್ತು. ಒಂದು ಫಾಂಟಿನಲ್ಲಿ ಮಾತ್ರ ಒಡೆಯಿತು. ಬೀಟಾದ ದೋಷ ಸಿಕ್ಕಿತೆಂದು ಹಿಗ್ಗಿ ವರದಿ ಬರೆಯಲು ಕುಳಿತೆ.

ಮಲೆನಾಡಗಿತ್ತಿ · ಏಪ್ರಿಲ್ 21, ಸಂಜೆ 4.10

ಕಳಿಸುವ ಮುನ್ನ ಅದೇ ಪದವನ್ನು ಅದೇ ಫಾಂಟಿನಲ್ಲಿ ವಿಂಡೋಸ್‌ನಲ್ಲಿಯೂ ನೋಡಿ ಸರ್. ಅಲ್ಲಿಯೂ ಒಡೆದರೆ ತಪ್ಪು ಫಾಂಟಿನದು. ಅಲ್ಲಿ ಸರಿಯಿದ್ದರೆ ಮಾತ್ರ ಉಬುಂಟುವಿನ ದೋಷಗಳನ್ನು ವರದಿ ಮಾಡುವ ತಾಣ ಲಾಂಚ್‌ಪ್ಯಾಡ್‌ಗೆ ಹಾಕಿ: ಯಾವ ಆವೃತ್ತಿ, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು, ಒಂದು ಚಿತ್ರ. ಕನ್ನಡ ಬಾರದ ಎಂಜಿನಿಯರ್ ಅದನ್ನು ಓದುತ್ತಾನೆ ಎಂದುಕೊಂಡು ಬರೆಯಿರಿ. ಕನ್ನಡ ಸರಿ ಕಾಣುತ್ತಿಲ್ಲ ಎಂದಷ್ಟೇ ಬರೆದರೆ ಅವನಿಗೆ ಯಾವುದು ಸರಿ ಎಂದೇ ಗೊತ್ತಿರುವುದಿಲ್ಲ.

ಅಚ್ಚುಮೊಳೆ · ಏಪ್ರಿಲ್ 21, ಸಂಜೆ 5.30

ಅಲ್ಲಿಯೂ ಒಡೆಯಿತು. ಯಾರೋ ಎಂದೋ ಸಿ.ಡಿ.ಯಲ್ಲಿ ಕೊಟ್ಟ ಫಾಂಟದು. ಮಾನ ಉಳಿಸಿದಿರಿ.

ಸೊನ್ನೆಒಂದು · ಏಪ್ರಿಲ್ 26, ಬೆಳಿಗ್ಗೆ 7.30

ನಿನ್ನೆ ಪೂರ್ಣ ಆವೃತ್ತಿ ಬಿಡುಗಡೆಯಾಯಿತು. ಬೀಟಾ ತೆಗೆದು ಮತ್ತೆ ಹಾಕಬೇಕೇ?

ಕರ್ನಲ್ ಕಾಕಾ · ಏಪ್ರಿಲ್ 26, ಬೆಳಿಗ್ಗೆ 9.00

ಬೇಡ. ದಿನದಿನದ ಅಪ್‌ಡೇಟ್ ಹಾಕಿಕೊಂಡು ಬಂದಿದ್ದರೆ ನಿನ್ನ ಬೀಟಾ ತಾನಾಗಿ ಪೂರ್ಣ ಆವೃತ್ತಿಯಾಗಿದೆ. ಬಿಡುಗಡೆಪೂರ್ವ ಪ್ರತಿ ಕೊಡುವ ವಿಂಡೋಸ್‌ನ ಇನ್‌ಸೈಡರ್ ಡೆವ್ ಚಾನೆಲ್ಲಿನಂತಲ್ಲ, ಅಲ್ಲಿಂದ ಸಾಮಾನ್ಯ ಆವೃತ್ತಿಗೆ ಇಳಿಯಲು ಬಹುತೇಕ ಎಲ್ಲವನ್ನೂ ಅಳಿಸಿ ಹಾಕಬೇಕಾಗುತ್ತದೆ. ಇಂದು ನಿಮ್ಮ ಕಡೆ ಮತದಾನವಿದ್ದರೆ ಮೊದಲು ಮತ ಹಾಕಿ ಬಾ, ಅಪ್‌ಡೇಟ್ ಎಲ್ಲಿಗೂ ಓಡಿಹೋಗುವುದಿಲ್ಲ.

ಕಡಲಾಚೆ · ಏಪ್ರಿಲ್ 26, ರಾತ್ರಿ 11.50

ಮುಂದೆ ಯಾರಾದರೂ ಕೇಳುವ ಮುನ್ನ: ಬೇಡವೆನಿಸಿ ತೆಗೆಯುವವರು ನೇರವಾಗಿ ಲಿನಕ್ಸ್ ಪಾರ್ಟಿಷನ್ ಅಳಿಸಬೇಡಿ. ಗ್ರಬ್‌ನ ಮುಖ ಇಎಫ್‌ಐಯಲ್ಲಿ, ಮೈ ಲಿನಕ್ಸ್ ಪಾರ್ಟಿಷನ್ನಿನಲ್ಲಿ ಇರುತ್ತದೆ. ಮೈ ಅಳಿಸಿದರೆ ಮುಂದಿನ ಸಲ ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಒಂದೇ ಪದ ಮಿನುಗುತ್ತ ಕುಳಿತಿರುತ್ತದೆ. ಮೊದಲು ಬಯಾಸ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತನ್ನಿ, ಒಮ್ಮೆ ಹಾಗೆ ಎದ್ದದ್ದನ್ನು ನೋಡಿ, ಆಮೇಲೆ ಅಳಿಸಿ. ವಿಂಡೋಸ್‌ಗೆ ಬೀಗ ಇದ್ದರೆ ಈ ಕೆಲಸಕ್ಕೂ ಕೀಲಿ ಕೈಯಲ್ಲಿರಲಿ.

ಅಚ್ಚುಮೊಳೆ · ಮೇ 9, ರಾತ್ರಿ 9.20

ಚುನಾವಣೆ ಮುಗಿಯಿತು, ಈಗ ಉಸಿರಾಡುತ್ತಿದ್ದೇನೆ. ನಿನ್ನೆ ಮೊದಲ ಲಗ್ನಪತ್ರಿಕೆಯನ್ನು ಪೂರ್ತಿ ಉಬುಂಟುವಿನಲ್ಲಿಯೇ ಮಾಡಿದೆ, ಯೂನಿಕೋಡಿನಲ್ಲಿ. ಗ್ರಾಹಕರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.

ವಿಂಡೋಸ್‌ಗೆ ಮತ್ತೆ ಬೀಗ ಹಾಕಿದ್ದೇನೆ, ಈ ಸಲ ನನ್ನದೇ ಖಾತೆ. ಹೊಸ ಕೀಲಿಯ ನಲವತ್ತೆಂಟು ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಎಂಟೂ ಗುಂಪನ್ನು ಹನ್ನೊಂದರ ಲೆಕ್ಕಕ್ಕೆ ಹಚ್ಚಿ ನೋಡಿ, ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಇಂದು ಬಂದ ಗಿರಾಕಿಯೊಬ್ಬರು ಅದನ್ನೇ ದಿಟ್ಟಿಸಿ ನೋಡಿ, ಧ್ವನಿ ತಗ್ಗಿಸಿ, ಸಾಹುಕಾರರೇ, ಇದು ಈ ವಾರದ ಮಟಕಾ ನಂಬರೇ ಎಂದರು.

ಮಲೆನಾಡಗಿತ್ತಿ · ಮೇ 9, ರಾತ್ರಿ 9.26

ಸರ್! ಗೋಡೆಯಿಂದ ಈಗಲೇ ತೆಗೆಯಿರಿ!

ಅಚ್ಚುಮೊಳೆ · ಮೇ 9, ರಾತ್ರಿ 9.41

ತೆಗೆದೆ. ಉದ್ರಿ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ್ದೇನೆ. ಆ ಪುಸ್ತಕವನ್ನು ನಮ್ಮ ಗಿರಾಕಿಗಳು ಯಾರೂ ತಾವಾಗಿ ತೆರೆಯುವುದಿಲ್ಲ.